ಅಜ್ಜನ ಗಾಡಿ ಎಲ್ಲಿ ಹೋಯಿತು? ಹಳೆ ವಾಹನ ಹುಡುಕಿ ಹೆಸರಿಗೆ ಮಾಡಿಸಿಕೊಳ್ಳುವ ದಾರಿ

"ಅಜ್ಜನದ್ದೊಂದು ಜಾವಾ ಬೈಕ್ ಇತ್ತು. ಈಗ ಕಾರ್ಕಳದ ಕಡೆ ಯಾರದ್ದೋ ಹಟ್ಟಿಯಲ್ಲಿ ಉಂಟಂತೆ. ವಾಪಸ್ ತರಬಹುದಾ?"

ಈ ಪ್ರಶ್ನೆ ಕೇಳದವರೇ ಇಲ್ಲ ಅನ್ನುವ ಹಾಗಾಗಿದೆ. ಒಬ್ಬರದ್ದು ಜಾವಾ, ಇನ್ನೊಬ್ಬರದ್ದು ಲ್ಯಾಂಬ್ರೆಟಾ ಸ್ಕೂಟರ್, ಮತ್ತೊಬ್ಬರದ್ದು ಅಂಬಾಸಿಡರ್ ಅಥವಾ ಫಿಯೆಟ್. ಘಟ್ಟದ ಬುಡದ ತೋಟದವರಾದರೆ ಜೀಪು. ಗಾಡಿ ಬೇರೆ ಬೇರೆಯಾದರೂ ಎಲ್ಲರೂ ಎಡವುವುದು ಒಂದೇ ಕಡೆ. ಗಾಡಿ ಸಿಕ್ಕಿತು ಎಂದ ಕೂಡಲೇ ಪಿಕಪ್ ತೆಗೆದುಕೊಂಡು ಹೊರಡುತ್ತಾರೆ. ಕಾಗದದ ವಿಷಯ ನೆನಪಾಗುವುದು ಗಾಡಿ ಅಂಗಳಕ್ಕೆ ಬಂದ ಮೇಲೆ. ಆಗ ಅದು ಮಳೆಗೆ ತುಕ್ಕು ಹಿಡಿಯುತ್ತಾ ನಿಲ್ಲುತ್ತದೆ, ರಸ್ತೆಗೆ ಇಳಿಯುವುದಿಲ್ಲ.

ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ. ನಾನು ವಕೀಲನಲ್ಲ, ಹಳೆ ಗಾಡಿಗಳ ಹುಚ್ಚಿನಿಂದ ಆರ್‌ಟಿಒ ಮೆಟ್ಟಿಲು ಹತ್ತಿ ಇಳಿದವನು. ಎದುರಿನವರು ಜಗಳಕ್ಕೆ ನಿಂತರೆ ವಕೀಲರನ್ನು ಕಾಣಿ.

ಹೊರಡುವ ಮುಂಚೆ ಒಂದು ಫೈಲು ಮಾಡಿಕೊಳ್ಳಿ. ಅದರಲ್ಲಿ ಗಾಡಿಯ ನಂಬರಿರುವ ಯಾವುದಾದರೂ ಕಾಗದ, ಮಾಲೀಕರು ತೀರಿಕೊಂಡಿದ್ದರೆ ಮರಣ ಪತ್ರ, ನಿಮಗೂ ಅವರಿಗೂ ಇರುವ ಸಂಬಂಧದ ದಾಖಲೆ, ನಿಮ್ಮ ಆಧಾರ್, ಹಳೆ ಫೋಟೋಗಳು ಇರಲಿ. ಈಗಲೇ ಎಲ್ಲವೂ ಇರಬೇಕೆಂದಿಲ್ಲ, ಇದ್ದದ್ದನ್ನು ಹಾಕಿಡಿ.

1. ಮೊದಲು ಕಥೆ ಏನೆಂದು ತಿಳಿದುಕೊಳ್ಳಿ

ಅತಿ ಮುಖ್ಯ ಹಂತ ಇದು. ಹೆಚ್ಚಿನವರು ಇದನ್ನೇ ಬಿಡುತ್ತಾರೆ.

ಗಾಡಿ ಮನೆ ಬಿಟ್ಟು ಹೋಗಲು ನಾಲ್ಕೇ ದಾರಿ. ಮಾರಿರಬೇಕು. ಇಲ್ಲವೇ ಯಾರಿಗಾದರೂ ಬಳಸಲು, ರಿಪೇರಿಗೆ ಅಥವಾ ಇಟ್ಟುಕೊಳ್ಳಲು ಕೊಟ್ಟಿರಬೇಕು. ಇಲ್ಲವೇ ಕಳವಾಗಿರಬೇಕು. ಇಲ್ಲವೇ ಪೊಲೀಸರೋ ಸಾಲ ಕೊಟ್ಟವರೋ ತೆಗೆದುಕೊಂಡು ಹೋಗಿರಬೇಕು. ನಿಮ್ಮದು ಯಾವುದೆಂದು ಗೊತ್ತಾಗದೆ ಮುಂದಿನ ಯಾವ ಹೆಜ್ಜೆಯೂ ಸರಿಯಾಗುವುದಿಲ್ಲ.

ಮನೆಯ ಹಿರಿಯರನ್ನು ಕೂರಿಸಿ ಕೇಳಿ. ಒಬ್ಬೊಬ್ಬರನ್ನೇ ಕೇಳಿ, ಒಟ್ಟಿಗೆ ಬೇಡ. ಒಟ್ಟಿಗೆ ಕೇಳಿದರೆ ದೊಡ್ಡಪ್ಪ ಹೇಳಿದ್ದಕ್ಕೇ ಎಲ್ಲರೂ ತಲೆಯಾಡಿಸುತ್ತಾರೆ. ಯಾವ ವರ್ಷ ಹೋಯಿತು, ಯಾರು ಕೊಂಡುಹೋದರು, ಹಣ ಬಂದಿತ್ತಾ, ಆರ್‌ಸಿ ಬುಕ್ (ಗಾಡಿಯ ನೋಂದಣಿ ಪತ್ರ) ಯಾರ ಹತ್ತಿರ ಇತ್ತು, ಇಷ್ಟನ್ನು ಬರೆದುಕೊಳ್ಳಿ. ವರ್ಷ ನೆನಪಾಗದಿದ್ದರೆ "ಅತ್ತೆಯ ಮದುವೆಗೆ ಮುಂಚೆಯಾ, ಆಮೇಲೆಯಾ" ಎಂದು ಕೇಳಿ. ಮದುವೆ ಮತ್ತು ದೇವಸ್ಥಾನದ ಬ್ರಹ್ಮಕಲಶ ನಮ್ಮವರಿಗೆ ಕ್ಯಾಲೆಂಡರಿಗಿಂತ ಚೆನ್ನಾಗಿ ನೆನಪಿರುತ್ತದೆ.

ಇಲ್ಲೊಂದು ಕಹಿ ವಿಷಯ. ಎಷ್ಟೋ ಮನೆಗಳಲ್ಲಿ ಗಾಡಿ "ಕಳೆದುಹೋದದ್ದೇ" ಅಲ್ಲ. ಅಜ್ಜ ಬಾಯಿಮಾತಲ್ಲಿ ಮಾರಿ ಹಣವನ್ನೂ ತೆಗೆದುಕೊಂಡಿದ್ದಾರೆ. ಕೊಂಡವರು ಹೆಸರು ಬದಲಿಸಲಿಲ್ಲ, ಅಷ್ಟೇ. ಈಗ ದಾಖಲೆಯಲ್ಲಿ ಅಜ್ಜನ ಹೆಸರೇ ಕಂಡು ಮೊಮ್ಮಕ್ಕಳು "ಗಾಡಿ ನಮ್ಮದು" ಎನ್ನುತ್ತಾರೆ. ಹಾಗಾಗುವುದಿಲ್ಲ ಮಾರಾಯ್ರೆ. ಒಪ್ಪಿ ಹಣ ತೆಗೆದುಕೊಂಡು ಗಾಡಿ ಕೊಟ್ಟರೆ ಮಾರಾಟ ಮುಗಿದ ಹಾಗೆ. ಆರ್‌ಸಿಯಲ್ಲಿ ಹೆಸರಿರುವುದು ಬಲವಾದ ಸಾಕ್ಷಿ ಹೌದು, ಆದರೆ ಅದೇ ಕೊನೆಯ ಮಾತಲ್ಲ. ಇಂಥ ಗಾಡಿ ಬೇಕೆಂದರೆ ಈಗಿನವರ ಕೈಯಿಂದ ಕೊಂಡುಕೊಳ್ಳಬೇಕು.

ಹೆಸರು ಬದಲಾಗದೆ ಉಳಿದರೆ ಮಾರಿದವರ ಮನೆಗೂ ತಲೆನೋವು. ಅಪಘಾತದ ಪರಿಹಾರದ ಪ್ರಶ್ನೆ ಬಂದಾಗ, ಸಾರಿಗೆ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಂದರೆ ಗಾಡಿ ನಿಮಗೆ ಬೇಡದಿದ್ದರೂ, ನಿಮ್ಮ ಮನೆಯವರ ಹೆಸರಿನಲ್ಲಿ ಊರು ಸುತ್ತುತ್ತಿದ್ದರೆ ಹುಡುಕುವುದು ಒಳ್ಳೆಯದು.

2. ನಂಬರು ಹುಡುಕಿ

ಮೂರು ನಂಬರು ಬೇಕು. ನೋಂದಣಿ ನಂಬರು, ಅಂದರೆ ಪ್ಲೇಟಿನ ಮೇಲಿರುವುದು. ಚಾಸಿಸ್ ನಂಬರು, ಗಾಡಿಯ ಮೂಲ ಚೌಕಟ್ಟಿನ ಕಬ್ಬಿಣಕ್ಕೆ ಕಾರ್ಖಾನೆಯಲ್ಲೇ ಕೊರೆದದ್ದು. ಇಂಜಿನ್ ನಂಬರು. ಪ್ಲೇಟು ಬದಲಾಗಬಹುದು, ಇಂಜಿನ್ ಬದಲಾಗಬಹುದು. ಚಾಸಿಸ್ ನಂಬರು ಮಾತ್ರ ಗಾಡಿಯ ಜಾತಕ ಇದ್ದ ಹಾಗೆ, ಕೊನೆತನಕ ಅದರ ಜೊತೆಗೇ ಇರುತ್ತದೆ.

ಆರ್‌ಸಿ ಬುಕ್ ಇದ್ದರೆ ಮೂರೂ ಅದರಲ್ಲೇ ಸಿಗುತ್ತವೆ. ಇಲ್ಲದಿದ್ದರೆ ಹಳೆ ಇನ್ಶೂರೆನ್ಸ್ ಕಾಗದ, ಟ್ಯಾಕ್ಸ್ ರಸೀದಿ, ಸರ್ವಿಸ್ ಬಿಲ್ಲು, ಬ್ಯಾಂಕ್ ಸಾಲದ ಪತ್ರ ಹುಡುಕಿ. ಮದುವೆ ಆಲ್ಬಮ್ ಬಿಚ್ಚಿ ನೋಡಿ. ಮದುಮಗ ಬೈಕಿಗೆ ಒರಗಿ ನಿಂತ ಒಂದು ಕಪ್ಪುಬಿಳುಪು ಫೋಟೋ ಎಷ್ಟೋ ಮನೆಯಲ್ಲಿ ಉಂಟು. ಅದನ್ನು ಸ್ಕ್ಯಾನ್ ಮಾಡಿ ದೊಡ್ಡದು ಮಾಡಿದರೆ ಪ್ಲೇಟು ಓದಲು ಬರುತ್ತದೆ.

ನಂಬರು ಕೆಎ-19 (ಮಂಗಳೂರು) ಅಥವಾ ಕೆಎ-20 (ಉಡುಪಿ) ಎಂದಿಲ್ಲದಿದ್ದರೆ ಗಾಬರಿ ಬೇಡ. 1956ರ ನವೆಂಬರ್ 1ರ ತನಕ ನಮ್ಮ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ಕೆಎ ಬರುವ ಮುಂಚೆ ಮೂರು ಇಂಗ್ಲಿಷ್ ಅಕ್ಷರ, ಆಮೇಲೆ ಅಂಕಿಗಳು, ಹೀಗಿತ್ತು ನಂಬರು. ಅಕ್ಷರಗಳನ್ನು ಊಹಿಸಿ ಬರೆಯಬೇಡಿ. ಒಂದು ಅಕ್ಷರ ತಪ್ಪಿದರೆ ಬೇರೆ ಜಿಲ್ಲೆಯ ಗಾಡಿ ಬರುತ್ತದೆ. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಳೆಯ ಗಾಡಿಯ ದಾಖಲೆ ಉಡುಪಿಯಲ್ಲಿ ಸಿಗದಿದ್ದರೆ ಮಂಗಳೂರಿನಲ್ಲೂ ಕೇಳಿ. ಈಗ ಪುತ್ತೂರಿಗೆ ಕೆಎ-21, ಸುರತ್ಕಲ್‌ಗೆ ಕೆಎ-62, ಬಂಟ್ವಾಳಕ್ಕೆ ಕೆಎ-70 ಬೇರೆ ಬೇರೆ ಕಚೇರಿಗಳಿವೆ. ನಿಮ್ಮ ಈಗಿನ ವಿಳಾಸ ಯಾವುದರ ವ್ಯಾಪ್ತಿಗೆ ಬರುತ್ತದೆಂದು ಈಗಲೇ ನೋಡಿಡಿ, ಮುಂದೆ ಬೇಕಾಗುತ್ತದೆ.

3. ದಾಖಲೆಯಲ್ಲಿ ಗಾಡಿ ಎಲ್ಲಿದೆ ನೋಡಿ

ಮನೆಯಲ್ಲೇ ಕೂತು ಮಾಡುವ ಕೆಲಸ ಮೊದಲು. ಕೇಂದ್ರ ಸರ್ಕಾರದ ಪರಿವಾಹನ್ ವೆಬ್‌ಸೈಟ್ ಅಥವಾ ಎಂಪರಿವಾಹನ್ ಆ್ಯಪಿನಲ್ಲಿ ಮೊಬೈಲ್ ನಂಬರ್ ಕೊಟ್ಟು ಲಾಗಿನ್ ಆಗಿ, ನೋಂದಣಿ ನಂಬರು ಹಾಕಿ. ಮಾಲೀಕರ ಹೆಸರಿನ ಕೆಲವು ಅಕ್ಷರ ಮುಚ್ಚಿರುತ್ತದೆ. ಆದರೂ ನೋಂದಣಿ ಆದ ದಿನ, ಯಾವ ಕಚೇರಿ, ಇನ್ಶೂರೆನ್ಸ್ ಎಲ್ಲಿತನಕ ಇತ್ತು ಎಂಬುದು ಕಾಣುತ್ತದೆ. ಇತ್ತೀಚಿನ ಇನ್ಶೂರೆನ್ಸ್ ಕಂಡರೆ ಗಾಡಿ ಎಲ್ಲೋ ಓಡುತ್ತಿದೆ ಎಂದರ್ಥ. ಇ-ಚಲನ್ ಪುಟದಲ್ಲೂ ನೋಡಿ. ದಂಡ ಬಿದ್ದಿದ್ದರೆ ಯಾವ ಊರಲ್ಲಿ ಬಿತ್ತೆಂಬ ಸುಳಿವು ಸಿಗಬಹುದು. ಅಲ್ಲಿ ಚಾಸಿಸ್ ನಂಬರಿನ ಕೊನೆಯ ಐದಂಕಿ ಕೇಳಬಹುದು. ನಂಬರು ಮೊದಲೇ ಹುಡುಕಿ ಎಂದದ್ದು ಇದಕ್ಕೂ ಸೇರಿಸಿ.

"ದಾಖಲೆ ಇಲ್ಲ" ಎಂದು ಬಂದರೆ? ಹಳೆ ಗಾಡಿಗಳಿಗೆ ಹೀಗಾಗುವುದು ಮಾಮೂಲು. ಕಂಪ್ಯೂಟರ್ ಬರುವ ಮುಂಚಿನ ರಿಜಿಸ್ಟರುಗಳಲ್ಲಿ ಇದ್ದದ್ದೆಲ್ಲ ಇನ್ನೂ ಆನ್‌ಲೈನ್‌ಗೆ ಏರಿಲ್ಲ. ಗಾಡಿಯೇ ರದ್ದಾಗಿದೆ ಎಂದು ತಿಳಿದುಕೊಂಡು ಕೈಬಿಡಬೇಡಿ. ಮೂಲ ಆರ್‌ಸಿ ತೋರಿಸಿದರೆ ಕಚೇರಿಯಲ್ಲಿ ಹಳೆ ರಿಜಿಸ್ಟರ್ ನೋಡಿ ಕಂಪ್ಯೂಟರಿಗೆ ಏರಿಸುತ್ತಾರೆ. ಇದಕ್ಕೆ ಬ್ಯಾಕ್‌ಲಾಗ್ ಎಂಟ್ರಿ ಎನ್ನುತ್ತಾರೆ. ಇದಾಗದೆ ಮುಂದಿನ ಯಾವ ಅರ್ಜಿಯೂ ಆನ್‌ಲೈನ್‌ನಲ್ಲಿ ಏಳುವುದಿಲ್ಲ.

ಮುಂದಿನದ್ದು ಬಿ ಎಕ್ಸ್‌ಟ್ರಾಕ್ಟ್. ಆರ್‌ಟಿಒ ನೋಂದಣಿ ಪುಸ್ತಕದಲ್ಲಿ ಆ ಗಾಡಿಯ ಬಗ್ಗೆ ಬರೆದದ್ದರ ದೃಢೀಕೃತ ನಕಲು ಇದು. ಮೊದಲ ಮಾಲೀಕರು ಯಾರು, ಆಮೇಲೆ ಯಾರ ಹೆಸರಿಗೆ ಹೋಯಿತು, ಸಾಲ ಇತ್ತಾ, ಬೇರೆ ಕಚೇರಿಗೆ ಗಾಡಿ ಬದಲಿಸಲು ಆಕ್ಷೇಪಣೆ ಇಲ್ಲ ಎಂಬ ಪತ್ರ, ಅಂದರೆ ಎನ್‌ಒಸಿ ಹೋಗಿದೆಯಾ, ಎಲ್ಲವೂ ಇದರಲ್ಲಿರುತ್ತದೆ. ವಾರಸುದಾರರು ಎಂಬುದಕ್ಕೆ ದಾಖಲೆ ಲಗತ್ತಿಸಿ ಲಿಖಿತ ಅರ್ಜಿ ಕೊಡಿ. ಬಾಯಲ್ಲಿ ಕೇಳಿದರೆ "ರಿಜಿಸ್ಟರ್ ಮೇಲೆ ಅಟ್ಟದಲ್ಲಿದೆ, ಮುಂದಿನ ವಾರ ಬನ್ನಿ" ಎನ್ನುತ್ತಾರೆ. ಆ ಮುಂದಿನ ವಾರ ಬರುವುದೇ ಇಲ್ಲ.

ಅರ್ಜಿಗೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಉಂಟು. 10 ರೂಪಾಯಿಯ ಪೋಸ್ಟಲ್ ಆರ್ಡರ್, 30 ದಿನದ ಗಡುವು. ಇಲ್ಲಿ ಕೇಳುವ ರೀತಿ ಮುಖ್ಯ. "ಈಗಿನ ಮಾಲೀಕರ ಹೆಸರು, ವಿಳಾಸ ಕೊಡಿ" ಎಂದರೆ ಖಾಸಗಿ ಮಾಹಿತಿ ಎಂದು ತಳ್ಳಿಹಾಕುತ್ತಾರೆ. ಅದರ ಬದಲು ಗಾಡಿಯ ಸ್ಥಿತಿ ಕೇಳಿ. ನೋಂದಣಿ ಜಾರಿಯಲ್ಲಿದೆಯೇ, ರದ್ದಾಗಿದೆಯೇ, ಮಾಲೀಕತ್ವ ಯಾವ ದಿನ ಬದಲಾಗಿದೆ, ಯಾವ ಕಚೇರಿಗೆ ಎನ್‌ಒಸಿ ಹೋಗಿದೆ, ಇಷ್ಟು ಕೇಳಿದರೆ ಸಾಕು.

ಕಾಸರಗೋಡನ್ನು ಮರೆಯಬೇಡಿ. 1956ರ ತನಕ ಅದೂ ನಮ್ಮದೇ ಜಿಲ್ಲೆ. ಗಡಿ ಬಂದರೂ ನೆಂಟಸ್ತಿಕೆ, ವ್ಯಾಪಾರ ನಿಲ್ಲಲಿಲ್ಲ, ಗಾಡಿಗಳೂ ಹೋದವು. ಅಲ್ಲಿಗೆ ಹೋದ ಗಾಡಿಗೆ ಹೊಸ ಕೇರಳ ನಂಬರು ಸಿಕ್ಕಿರಬಹುದು. ಆಗ ಹಳೆ ನಂಬರು ಹಾಕಿ ಹುಡುಕಿದರೆ ಏನೂ ಬರುವುದಿಲ್ಲ. ಎನ್‌ಒಸಿಯ ದಾಖಲೆಯೇ ದಾರಿ.

ಕಳವಾಗಿತ್ತು, ದೂರು ಕೊಟ್ಟಿದ್ದೆವು ಎಂದಾದರೆ ಎಫ್‌ಐಆರ್ ನಕಲು ಹುಡುಕಿ. ಇನ್ಶೂರೆನ್ಸ್ ಕಂಪನಿ ಕಳವಿಗೆ ಹಣ ಕೊಟ್ಟಿತ್ತಾ ಎಂದೂ ಕೇಳಿ. ಕೊಟ್ಟಿದ್ದರೆ ಗಾಡಿಯ ಮೇಲಿನ ಹಕ್ಕು ಸಾಮಾನ್ಯವಾಗಿ ಕಂಪನಿಗೆ ಬರೆದುಕೊಟ್ಟಾಗಿರುತ್ತದೆ. ಈಗ ಗಾಡಿ ಸಿಕ್ಕಿದರೂ ಅವರ ಜೊತೆ ಮಾತಾಡದೆ ಅದು ನಿಮ್ಮದಾಗುವುದಿಲ್ಲ.

4. ಊರಿನಲ್ಲಿ ಹುಡುಕಾಟ

ಇದಕ್ಕೆ ನಿಯಮ ಇಲ್ಲ, ಕಾಲು ಸವೆಸಬೇಕು. ಹಳೆ ಮೆಕ್ಯಾನಿಕ್‌ಗಳಿಂದ ಶುರು ಮಾಡಿ. ಐವತ್ತು ದಾಟಿದ ಜಾವಾ ಮೆಕ್ಯಾನಿಕ್‌ಗೆ ಊರಿನಲ್ಲಿದ್ದ ಗಾಡಿಗಳೆಲ್ಲ ಸದ್ದಿನಿಂದಲೇ ಗೊತ್ತು. ಆಮೇಲೆ ಟಿಂಕರಿಂಗ್ ಶೆಡ್ಡು, ಸೀಟು ಹೊಲಿಯುವವರು, ಗುಜರಿ ಅಂಗಡಿ. ಹಳೆ ಗಾಡಿ ಪ್ರಿಯರ ಗುಂಪುಗಳಲ್ಲಿ ಫೋಟೋ ಹಾಕಬಹುದು. ಆದರೆ ಪೂರ್ತಿ ಚಾಸಿಸ್ ನಂಬರನ್ನು ಎಲ್ಲೂ ಹಾಕಬೇಡಿ. ಹಾಕಿದರೆ "ನನ್ನ ಹತ್ತಿರ ಉಂಟು" ಎಂದು ಅದೇ ನಂಬರು ಹೇಳಿ ಅಡ್ವಾನ್ಸ್ ಕೇಳುವವರು ಬರುತ್ತಾರೆ. ಕೊನೆಯ ಮೂರಂಕಿ ಮುಚ್ಚಿಡಿ, ಅದನ್ನು ಸರಿಯಾಗಿ ಹೇಳಿದವರನ್ನು ಮಾತ್ರ ನಂಬಿ.

ಜಾವಾ, ಯೆಜ್ಡಿ ಹುಡುಕುವವರಿಗೆ ಇನ್ನೊಂದು ಮಾತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ತಯಾರಿ ಶುರು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಹೊಸ ಸ್ಪೇರ್ ಸಿಗುವುದು ಕಷ್ಟವಾದಾಗ ಜನ ಒಂದು ಗಾಡಿ ಬಿಚ್ಚಿ ಇನ್ನೊಂದಕ್ಕೆ ಹಾಕಿದರು. ಹಾಗಾಗಿ ಅಜ್ಜನ ಗಾಡಿ ಒಂದೇ ಕಡೆ ಇಡಿಯಾಗಿ ಸಿಗಬೇಕೆಂದಿಲ್ಲ. ಟ್ಯಾಂಕು ಮೂಡುಬಿದಿರೆಯಲ್ಲಿ, ಇಂಜಿನ್ ಕುಂದಾಪುರದಲ್ಲಿ ಇರಬಹುದು. ಕಾನೂನಿನ ಕಣ್ಣಿಗೆ ಚಾಸಿಸ್ ಎಲ್ಲಿದೆಯೋ ಗಾಡಿ ಅಲ್ಲಿದೆ.

5. ಸಿಕ್ಕಿತು. ಈಗ ಕೈ ಹಾಕಬೇಡಿ

ಮೊದಲು ನಂಬರು ಹೋಲಿಸಿ. ಬೈಕಿನಲ್ಲಿ ಚಾಸಿಸ್ ನಂಬರು ಹೆಚ್ಚಾಗಿ ಹ್ಯಾಂಡಲಿನ ಕೆಳಗೆ, ಫ್ರೇಮಿನ ಕುತ್ತಿಗೆಯ ಹತ್ತಿರ ಇರುತ್ತದೆ. ಹಳೆ ಕಾರುಗಳಲ್ಲಿ ಬಾನೆಟ್ ಎತ್ತಿ ನೋಡಬೇಕು. ನಮ್ಮ ಕರಾವಳಿಯ ಉಪ್ಪುಗಾಳಿಗೂ ಮಳೆಗೂ ಕಬ್ಬಿಣ ಉಳಿಯುವುದಿಲ್ಲ, ಹಾಗಾಗಿ ನಂಬರು ತುಕ್ಕಿನ ಅಡಿಯಲ್ಲಿರುತ್ತದೆ. ಗ್ರೈಂಡರ್ ಹಿಡಿಯಬೇಡಿ! ಅಂಕಿಯೇ ಸವೆದುಹೋದರೆ ನಂಬರು ತಿದ್ದಿದ್ದಾರೆಂಬ ಅನುಮಾನ ನಿಮ್ಮ ಮೇಲೆಯೇ ಬರುತ್ತದೆ. ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಒಂದು ರಾತ್ರಿ ಬಿಟ್ಟು ಬಟ್ಟೆಯಲ್ಲಿ ಒರೆಸಿ. ಆಮೇಲೆ ಮೇಲೊಂದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಆರ್‌ಟಿಒದಲ್ಲಿ ಪೆನ್ಸಿಲ್ ಪ್ರಿಂಟ್ ಎನ್ನುವುದು ಇದಕ್ಕೇ. ಮೂರು ನಾಲ್ಕು ಪ್ರತಿ ತೆಗೆದಿಡಿ.

ನಂಬರು ಹೊಂದಿದರೆ ಫೋಟೋ, ವೀಡಿಯೋ ಮಾಡಿಕೊಳ್ಳಿ. ಅಷ್ಟು ಸಾಕು, ಮನೆಗೆ ಬನ್ನಿ.

"ನಮ್ಮದೇ ಗಾಡಿ ಅಲ್ವಾ, ಎತ್ತಿಕೊಂಡು ಬಂದರೆ ಏನಾಗುತ್ತದೆ?" ಕಳವಿನ ಕೇಸಾಗಬಹುದು. ಕಳವಿನ ಕಾನೂನಿನಲ್ಲೇ ಇದಕ್ಕೊಂದು ಉದಾಹರಣೆ ಇದೆ. ರಿಪೇರಿಗೆ ಕೊಟ್ಟ ಸ್ವಂತ ವಾಚಿನ ಹಣ ಬಾಕಿ ಇದೆ, ಆ ಬಾಕಿಗಾಗಿ ರಿಪೇರಿಯವನು ವಾಚನ್ನು ಇಟ್ಟುಕೊಂಡಿದ್ದಾನೆ. ಅವನ ಕೈತಪ್ಪಿಸಿ ಅದನ್ನು ಕೊಂಡುಹೋದರೆ ಅದೂ ಕಳವೇ. ವಾಚಿನ ಜಾಗದಲ್ಲಿ ಗ್ಯಾರೇಜಿನಲ್ಲಿರುವ ನಿಮ್ಮ ಬೈಕನ್ನು ಇಟ್ಟು ನೋಡಿ.

6. ಹಕ್ಕು ಕೇಳುವುದು

ಗಾಡಿ ಯಾರ ಕೈಯಲ್ಲಿದೆ, ಹೇಗೆ ಹೋಯಿತು ಎಂಬುದರ ಮೇಲೆ ದಾರಿ ಬೇರೆಯಾಗುತ್ತದೆ.

ಗ್ಯಾರೇಜಿನಲ್ಲಿದ್ದರೆ: ಮಾಡಿದ ಕೆಲಸದ ಹಣ ಬರುವ ತನಕ ಗಾಡಿ ಇಟ್ಟುಕೊಳ್ಳುವ ಹಕ್ಕು ರಿಪೇರಿಯವರಿಗಿದೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೆ ಆ ಹಕ್ಕು ಗಾಡಿಯ ಮೇಲೆ ಮಾಡಿದ ಕೆಲಸಕ್ಕೆ. "ಇಪ್ಪತ್ತು ವರ್ಷ ಜಾಗ ಕೊಟ್ಟಿದ್ದೇನೆ, ತಿಂಗಳಿಗೆ ಇಷ್ಟು ಬಾಡಿಗೆ" ಎಂಬ ಲೆಕ್ಕಕ್ಕೆ ಈ ಸೆಕ್ಷನ್ ಸಹಾಯಕ್ಕೆ ಬರುವುದಿಲ್ಲ. ಆದರೂ ನನ್ನ ಮಾತು ಕೇಳುವುದಾದರೆ ಅವರಿಗೊಂದು ಗೌರವದ ಮೊತ್ತ ಕೊಡಿ. ಇಷ್ಟು ವರ್ಷ ಅದನ್ನು ಗುಜರಿಗೆ ಹಾಕದೆ ಉಳಿಸಿದ್ದು ಅವರೇ ಅಲ್ವಾ?

ನೆಂಟರ ಅಥವಾ ಸ್ನೇಹಿತರ ಹತ್ತಿರ ಇಟ್ಟುಕೊಳ್ಳಲು ಕೊಟ್ಟದ್ದಾದರೆ: ಇಲ್ಲಿ ಕಾಲಮಿತಿಯ ವಿಷಯ ಬರುತ್ತದೆ. 1963ರ ಕಾಲಮಿತಿ ಕಾಯ್ದೆಯಂತೆ ಮೂರು ವರ್ಷದೊಳಗೆ ದಾವೆ ಹಾಕಬೇಕು. ಆ ಮೂರು ವರ್ಷ ಯಾವಾಗ ಶುರುವಾಗುತ್ತದೆ ಎಂಬುದೇ ಪ್ರಶ್ನೆ. ಇಟ್ಟುಕೊಳ್ಳಲು ಕೊಟ್ಟ ವಸ್ತುವನ್ನು ನೀವು ವಾಪಸ್ ಕೇಳಿ, ಅವರು ಕೊಡುವುದಿಲ್ಲ ಎಂದ ದಿನದಿಂದ ಎಣಿಕೆ. ಅವರು ಅದನ್ನು ಬೇರೆಯವರಿಗೆ ಮಾರಿಬಿಟ್ಟಿದ್ದರೆ, ಆ ಮಾರಾಟ ನಿಮಗೆ ಗೊತ್ತಾದ ದಿನದಿಂದ. ಕಳವಾದದ್ದಾದರೆ, ಅದು ಯಾರ ಹತ್ತಿರ ಇದೆ ಎಂದು ನಿಮಗೆ ಮೊದಲು ಗೊತ್ತಾದ ದಿನದಿಂದ. ಗಡುವು ದಾಟಿದರೆ ದಾವೆಯ ಜೊತೆಗೆ ವಸ್ತುವಿನ ಮೇಲಿನ ಹಕ್ಕೂ ಹೋಗುತ್ತದೆ.

ಅದಕ್ಕೇ ಹೇಳುವುದು, ಗಾಡಿ ಕಂಡ ದಿನವನ್ನು ಬರೆದಿಡಿ. "ಹೋಗಲಿ, ಮುಂದಿನ ದೀಪಾವಳಿಗೆ ಮಾತಾಡುವ" ಎಂದು ಮೂರು ದೀಪಾವಳಿ ಕಳೆದವರನ್ನು ನೋಡಿದ್ದೇನೆ.

ಮೊದಲ ಮಾತುಕತೆ ಬಾಯಲ್ಲೇ ಆಗಲಿ, ಒಬ್ಬ ಹಿರಿಯರನ್ನು ಕರೆದುಕೊಂಡು ಹೋಗಿ. ವಕೀಲರ ನೋಟಿಸ್ ಮೊದಲ ದಿನವೇ ಹೋದರೆ ಕೊಡುವ ಮನಸ್ಸಿದ್ದವರೂ ಗಟ್ಟಿಯಾಗುತ್ತಾರೆ. ಮಾತಾಗಿ ವಾರದೊಳಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಸೌಮ್ಯ ಪತ್ರ ಹಾಕಿ, "ಇಂಥ ದಿನ ಮಾತಾಡಿದ ಹಾಗೆ" ಎಂದು. ಮುಂದೆ ಬೇಕಾದರೆ ಅದೇ ಸಾಕ್ಷಿ.

ಕಳವು ಮಾಲನ್ನು ಗೊತ್ತಿಲ್ಲದೆ ಕೊಂಡವರ ಹತ್ತಿರ ಇದ್ದರೆ: ಮಾರಿದವನಿಗೇ ಹಕ್ಕಿಲ್ಲದಿದ್ದರೆ ಕೊಂಡವನಿಗೂ ಹಕ್ಕು ಬರುವುದಿಲ್ಲ ಎನ್ನುವುದು ಮೂಲ ನಿಯಮ. ಆದರೆ ಅವರೂ ಹಣ ಕಳೆದುಕೊಂಡವರೇ. ಪೊಲೀಸರ ಮೂಲಕ ಹೋಗಿ, ನೇರವಾಗಿ ಜಗಳಕ್ಕೆ ಇಳಿಯಬೇಡಿ.

ಪೊಲೀಸ್ ಠಾಣೆಯ ಅಂಗಳದಲ್ಲಿದ್ದರೆ: ಠಾಣೆಯಲ್ಲಿ ಬೇಡಿದರೆ ಸಿಗುವುದಿಲ್ಲ, ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಬೇಕು. ವಾಹನಗಳನ್ನು ಠಾಣೆಯಲ್ಲಿ ವರ್ಷಗಟ್ಟಲೆ ಕೊಳೆಯಲು ಬಿಡಬಾರದು, ಬಾಂಡ್ ಬರೆಸಿಕೊಂಡು ಬಿಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ನಿಮ್ಮ ವಕೀಲರಿಗೆ ಇದು ಗೊತ್ತಿರುತ್ತದೆ. ವಾರಸುದಾರರಿಲ್ಲದ ವಾಹನಕ್ಕೆ ಕೋರ್ಟು ಪ್ರಕಟಣೆ ಹೊರಡಿಸಿದರೆ ಆರು ತಿಂಗಳೊಳಗೆ ಹಕ್ಕು ಹೇಳಬೇಕು. ಮುಗಿದರೆ ಹರಾಜು. ಹರಾಜಾಗಿದ್ದರೆ ಕಥೆ ಅಲ್ಲಿಗೆ ಮುಗಿಯಿತು. ಕೊಂಡವರು ಫಾರಂ 32 ಹಾಕಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳುತ್ತಾರೆ, ನೀವು ಅವರಿಂದ ಕೊಳ್ಳಬಹುದು ಅಷ್ಟೇ.

ಒಪ್ಪಂದವಾದರೆ ಸ್ಟಾಂಪ್ ಪೇಪರಿನಲ್ಲಿ ಬರೆಸಿ. ಗಾಡಿಯ ಮೂರೂ ನಂಬರು, ಕೊಟ್ಟ ಹಣ, "ಇನ್ನು ನಮಗೆ ಹಕ್ಕಿಲ್ಲ" ಎಂಬ ಮಾತು, ಇಬ್ಬರು ಸಾಕ್ಷಿಗಳ ಸಹಿ, ದಿನ ಮತ್ತು ಗಂಟೆ. ಗಂಟೆ ಯಾಕೆಂದರೆ ಗಾಡಿ ಸಾಗಿಸುವ ದಾರಿಯಲ್ಲಿ ಏನಾದರೂ ಆದರೆ ಆಗ ಅದು ಯಾರ ವಶದಲ್ಲಿತ್ತು ಎಂಬುದು ಗೊತ್ತಾಗಬೇಕು. ಇನ್ಶೂರೆನ್ಸ್ ಇಲ್ಲದ ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ಪಿಕಪ್‌ನಲ್ಲೇ ತನ್ನಿ.

7. ವಾರಸುದಾರರ ಕಾಗದ

ಅಜ್ಜ ತೀರಿಕೊಂಡಿದ್ದರೆ ಗಾಡಿ ಒಬ್ಬ ಮೊಮ್ಮಗನದ್ದಲ್ಲ. ನಿಮ್ಮೊಬ್ಬರಿಗೇ ಆಸೆ ಇದ್ದರೂ ಎಲ್ಲ ವಾರಸುದಾರರ ಒಪ್ಪಿಗೆ ಬೇಕು. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ ಅಥವಾ ಜೀವಂತ ಸದಸ್ಯರ ದೃಢೀಕರಣ, ಉಳಿದವರೆಲ್ಲರ "ಆಕ್ಷೇಪಣೆ ಇಲ್ಲ" ಎಂಬ ಅಫಿಡವಿಟ್ ನೋಟರಿಯಾಗಿ ಇರಬೇಕು. ಅಜ್ಜನ ಮಕ್ಕಳಲ್ಲಿ ಯಾರಾದರೂ ತೀರಿಕೊಂಡಿದ್ದರೆ ಅವರ ಹೆಂಡತಿ ಮಕ್ಕಳೂ ಲೆಕ್ಕಕ್ಕೆ ಬರುತ್ತಾರೆ. ದುಬೈಯಲ್ಲಿರುವ ಚಿಕ್ಕಪ್ಪನ ಸಹಿಗೇ ಹೆಚ್ಚು ದಿನ ಹಿಡಿಯುತ್ತದೆ. ಅವರು ಊರಿಗೆ ಬರುವ ರಜೆಯ ದಿನ ಮೊದಲೇ ಕೇಳಿಟ್ಟುಕೊಳ್ಳಿ.

ತುಳುನಾಡಿನಲ್ಲಿ ಇದಕ್ಕೊಂದು ಗೊಂದಲ ಸೇರುತ್ತದೆ. "ನಮ್ಮದು ಅಳಿಯಕಟ್ಟು, ಗಾಡಿ ಅಳಿಯನಿಗೆ ಹೋಗಬೇಕು" ಎಂದು ಹೇಳುವವರಿದ್ದಾರೆ. ಅಳಿಯಕಟ್ಟು ಎಂದರೆ ಹೆಣ್ಣಿನ ಕಡೆಯಿಂದ ಆಸ್ತಿ ಇಳಿಯುವ ಪದ್ಧತಿ, ಇಲ್ಲಿ ಅಳಿಯ ಎಂದರೆ ಸಹೋದರಿಯ ಮಗ. ಅಜ್ಜ ಸ್ವಂತ ದುಡಿಮೆಯಲ್ಲಿ ಕೊಂಡ ಗಾಡಿ, ಅವರು ತೀರಿಕೊಂಡದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ, ಉಯಿಲು ಬರೆದಿಲ್ಲ. ಹೀಗಿದ್ದರೆ ಮೊದಲ ಸಾಲಿನಲ್ಲಿ ಬರುವವರು ಹೆಂಡತಿ, ಮಕ್ಕಳು, ಬದುಕಿದ್ದರೆ ತಾಯಿ. ಕುಟುಂಬದ ಹಣದಲ್ಲಿ ಕುಟುಂಬಕ್ಕೆಂದೇ ಕೊಂಡ ಜೀಪಾದರೆ ವಿಷಯ ಬೇರೆ, ವಕೀಲರನ್ನು ಕೇಳಿ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು.

8. ಆರ್‌ಟಿಒದಲ್ಲಿ

ಇಲ್ಲಿ ಫಾರಂ ನಂಬರುಗಳ ಮಳೆ. ನಿಮಗೆ ಬೇಕಾದಷ್ಟನ್ನೇ ಹಿಡಿದುಕೊಳ್ಳಿ.

ಮಾಲೀಕರು ತೀರಿಕೊಂಡು ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ನಿಯಮದ ಪ್ರಕಾರ ಸಾವಿನ 30 ದಿನದೊಳಗೆ ತಿಳಿಸಿ, ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಅಜ್ಜ ಹೋಗಿ ಇಪ್ಪತ್ತು ವರ್ಷವಾಗಿದ್ದರೆ? ತಡವಾದದ್ದಕ್ಕೆ ಕಾರಣ ಬರೆದು ಅಫಿಡವಿಟ್ ಕೊಟ್ಟು, ಹೇಳಿದ ದಂಡ ಕಟ್ಟಬೇಕು. ಬದುಕಿರುವವರಿಂದ ಕೊಂಡದ್ದಾದರೆ ಫಾರಂ 29 ಮತ್ತು 30. ನಮ್ಮಲ್ಲಿ ಟಿಒ (ಮಾಲೀಕತ್ವ ವರ್ಗಾವಣೆ) ಪೇಪರ್ ಎನ್ನುವುದು ಇವನ್ನೇ. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರಿನ ಪ್ರತಿಯ ಜೊತೆ ಫಾರಂ 26. ಗಾಡಿ ಬೇರೆ ರಾಜ್ಯದಲ್ಲಿ ನೋಂದಣಿಯಾಗಿದ್ದರೆ ಅಲ್ಲಿಂದ ಫಾರಂ 28ರ ಎನ್‌ಒಸಿ. ರಾಜ್ಯದೊಳಗೇ ಬೇರೆ ಕಚೇರಿಯದ್ದಾದರೆ ಸಿಸಿ, ಅಂದರೆ ಅಲ್ಲಿ ಯಾವ ಬಾಕಿಯೂ ಇಲ್ಲ ಎಂಬ ಪತ್ರ ಕೇಳುತ್ತಾರೆ.

ಎಚ್ಚರ ಇರಬೇಕಾದದ್ದು ಓಪನ್ ಟಿಒ ಬಗ್ಗೆ. ಕೊಂಡವರ ಹೆಸರು ಖಾಲಿ ಬಿಟ್ಟು ಮಾರಿದವರು ಸಹಿ ಮಾಡಿಕೊಟ್ಟ ಫಾರಂ ಇದು. ಮೊದಲು ಇಂಥ ಫಾರಂ ನಾಲ್ಕೈದು ಕೈ ದಾಟುತ್ತಿತ್ತು. ಈಗ ನಿಮ್ಮ ಅಜ್ಜನ ಗಾಡಿ ಹುಡುಕಿದರೆ ದಾಖಲೆಯಲ್ಲಿ ಇರುವುದು ಅವರಿಗೂ ಮುಂಚಿನ ಮಾಲೀಕರ ಹೆಸರು! ಸಹಿ ಮಾಡಿದವರು ತೀರಿಕೊಂಡಿದ್ದರೆ ಆ ಹಳೆ ಫಾರಂ ತುಂಬಿ ಕೊಡಬೇಡಿ, ಸುಮ್ನೆ ಫೋರ್ಜರಿಗೆ ಸಿಕ್ಕಿಬೀಳುತ್ತೀರಿ. ಆ ಮನೆಯವರನ್ನು ಹುಡುಕಿ, ಅವರ ವಾರಸುದಾರರ ಹೆಸರಿಗೆ ಮಾಡಿಸಿ, ಅಲ್ಲಿಂದ ನಿಮ್ಮ ಹೆಸರಿಗೆ ತರುವುದೇ ನೇರ ದಾರಿ. ಅವರು ಸಿಗದೇ ಹೋದರೆ ಸಿವಿಲ್ ಕೋರ್ಟಿನಿಂದ ಮಾಲೀಕತ್ವದ ಘೋಷಣೆ ತರಬೇಕಾದೀತು. ನನ್ನದೇ ಒಂದು ಸ್ಕೂಟರಿಗೆ ಏಜೆಂಟರೊಬ್ಬರು "ಸಹಿ ನಾನು ನೋಡಿಕೊಳ್ಳುತ್ತೇನೆ" ಎಂದು ಹಣ ತೆಗೆದುಕೊಂಡರು. ಹಣವೂ ಹೋಯಿತು, ಎರಡು ವರ್ಷವೂ ಹೋಯಿತು.

ಮಂಗಳೂರು, ಉಡುಪಿಯವರಿಗೆ ಇನ್ನೊಂದು ತೊಡಕು ಹೈಪೋಥಿಕೇಶನ್. ಸಾಲ ತೀರುವ ತನಕ ಗಾಡಿ ಬ್ಯಾಂಕಿಗೆ ಅಡವು ಎಂದು ಆರ್‌ಸಿಯಲ್ಲಿ ಬರೆಯುವ ಟಿಪ್ಪಣಿ ಅದು. ಅಜ್ಜ ಸಾಲ ತೀರಿಸಿರುತ್ತಾರೆ, ಟಿಪ್ಪಣಿ ತೆಗೆಸಿರುವುದಿಲ್ಲ. ಈಗ ಆ ಬ್ಯಾಂಕೇ ಇಲ್ಲ! ವಿಜಯಾ ಬ್ಯಾಂಕಿನ ಸಾಲವಾಗಿದ್ದರೆ ಬ್ಯಾಂಕ್ ಆಫ್ ಬರೋಡಾಕ್ಕೆ ಹೋಗಿ, ವಿಲೀನವಾದದ್ದು 2019ರಲ್ಲಿ. ಸಿಂಡಿಕೇಟ್ ಬ್ಯಾಂಕಾದರೆ ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕಾದರೆ ಯೂನಿಯನ್ ಬ್ಯಾಂಕ್, ಎರಡೂ 2020ರಲ್ಲಿ. ಸಾಲ ಕೊಟ್ಟ ಶಾಖೆಯ ಹೆಸರು, ಸಿಕ್ಕರೆ ಖಾತೆ ನಂಬರು ತೆಗೆದುಕೊಂಡು ಹೋಗಿ. "ಬಾಕಿ ಇಲ್ಲ" ಎಂಬ ಪತ್ರ ಮತ್ತು ಬ್ಯಾಂಕಿನ ಸಹಿ ಇರುವ ಫಾರಂ 35 ಬೇಕು.

ಆಮೇಲೆ ನವೀಕರಣ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ಫಾರಂ 25 ಹಾಕಿ ನವೀಕರಿಸಬೇಕು. ಬಾಯಿಮಾತಿನಲ್ಲಿ ಇದಕ್ಕೂ ಎಫ್‌ಸಿ ಎನ್ನುತ್ತಾರೆ. ತಡವಾದ ಪ್ರತಿ ತಿಂಗಳಿಗೂ ಹೆಚ್ಚುವರಿ ಶುಲ್ಕದ ಲೆಕ್ಕ ಬೀಳುತ್ತದೆ, ಗ್ರೀನ್ ಟ್ಯಾಕ್ಸ್ ಬೇರೆ. ಹಳೆ ಗಾಡಿಗೆ ಈ ಮೊತ್ತ ಕೆಲವೊಮ್ಮೆ ಗಾಡಿಯ ಬೆಲೆಗಿಂತ ಜಾಸ್ತಿಯಾಗುತ್ತದೆ. ಹಾಗಾಗಿ ರಿಪೇರಿಗೆ ಹಣ ಸುರಿಯುವ ಮುಂಚೆ ಕಚೇರಿಯಲ್ಲಿ ಇದರ ಲೆಕ್ಕ ಹಾಕಿಸಿ.

ತಪಾಸಣೆಗೆ ಗಾಡಿ ಓಡುವ ಸ್ಥಿತಿಯಲ್ಲಿರಬೇಕು. ಇಂಜಿನ್ ಬದಲಾಗಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಬೇರೆ ಇಂಜಿನ್ ಹಾಕಿದ್ದು ಗೊತ್ತಿದ್ದರೆ ಅದರ ಬಿಲ್ಲು ಅಥವಾ ಮೂಲದ ದಾಖಲೆ ಹಿಡಿದು ಮೊದಲೇ ಅನುಮತಿಗೆ ಅರ್ಜಿ ಹಾಕಿ. ನಂಬರು ಕೊರೆದುಕೊಡುತ್ತೇನೆ ಎನ್ನುವವರ ಹತ್ತಿರ ಸುಳಿಯಬೇಡಿ.

9. 50 ವರ್ಷ ದಾಟಿದ್ದರೆ

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಬಾಡಿ, ಇಂಜಿನ್ ದೊಡ್ಡದಾಗಿ ಬದಲಾಗದ ಎರಡು ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲಿನ ಮರುನೋಂದಣಿಗೆ 5,000. ಒಮ್ಮೆ ಮಾಡಿಸಿದರೆ 10 ವರ್ಷ. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ವಿಎ ಎಂದು ಬರುತ್ತದೆ. ಮೊದಲೇ ನೋಂದಣಿ ಇದ್ದ ಗಾಡಿ ತನ್ನ ಹಳೆ ನಂಬರನ್ನೇ ಇಟ್ಟುಕೊಳ್ಳಬಹುದು. ಅಜ್ಜನ ಕಾಲದ ಪ್ಲೇಟು ಬೇಕೆನ್ನುವವರಿಗೆ ಇದೇ ಸಂತೋಷದ ವಿಷಯ.

ಆದರೆ ಇದರಲ್ಲಿ ನೋಂದಾಯಿಸಿದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲು ಹಾಕಿಸಲು, ರಿಪೇರಿಗೆ, ಅಷ್ಟಕ್ಕೇ. ಭಾನುವಾರ ಮಲ್ಪೆ ಬೀಚಿಗೆ ಹೋಗಿಬರುವ ಆಸೆ ಇದ್ದರೆ ಮಾಮೂಲು ನವೀಕರಣವೇ ಸರಿ.

10. ಕೊನೆಗೆ ರಸ್ತೆಗೆ ಇಳಿಸುವ ಮುಂಚೆ

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. ಆನ್‌ಲೈನ್‌ನಲ್ಲಿ ಇಷ್ಟು ಹಳೆ ಮಾಡೆಲ್ ಪಟ್ಟಿಯಲ್ಲೇ ಇರುವುದಿಲ್ಲ, ಸರ್ಕಾರಿ ವಿಮಾ ಕಂಪನಿಯ ಶಾಖೆಗೆ ನೇರ ಹೋಗಿ. ಹೊಗೆ ತಪಾಸಣೆಯನ್ನೂ ಮಾಡಿಸಿ.

ಹಲವು ವರ್ಷ ನಿಂತ ಇಂಜಿನ್ನಿಗೆ ಬಂದ ದಿನವೇ ಕಿಕ್ ಹೊಡೆಯಬೇಡಿ. ಪಿಸ್ಟನ್ ಹಿಡಿದಿದ್ದರೆ ಒಳಗೆ ಗೀರು ಬೀಳುತ್ತದೆ. ಪ್ಲಗ್ ಬಿಚ್ಚಿ ಒಂದೆರಡು ಚಮಚ ಎಣ್ಣೆ ಬಿಟ್ಟು, ಎರಡು ದಿನ ಕಾದು, ಕೈಯಲ್ಲೇ ನಿಧಾನ ತಿರುಗಿಸಿ ನೋಡಿ. ಟ್ಯಾಂಕಿನ ತುಕ್ಕು ತೊಳೆಸಿ. ಹಳೆ ರಬ್ಬರ್ ಪೆಟ್ರೋಲ್ ಪೈಪನ್ನು ಹಾಗೆಯೇ ಬಿಡಬೇಡಿ. ಈಗಿನ ಬಂಕುಗಳ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೆ ರಬ್ಬರು ಅದಕ್ಕೆ ಉಬ್ಬಿ ಬಿರಿಯುತ್ತದೆ. ಎಥನಾಲ್ ತಡೆಯುವ ಹೊಸ ಪೈಪು ಹಾಕಿಸಿ, ಅದರ ಪಕ್ಕದ ವಾಷರುಗಳನ್ನೂ ಒಂದೇ ಸಲಕ್ಕೆ ಬದಲಿಸಿಬಿಡಿ.